ತಿಕೋಟಾ ರಸ್ತೆಯ ವಿಶ್ವಶಾಂತಿ

ಎಲ್ಲರ ಬದುಕಿನಲ್ಲೂ ಏನಾದರೊಂದು ನಡೆದು ಮುಗಿದುಹೋಗುತ್ತದೆ. ನಾನು ಇದ್ದಲ್ಲಿ ಮಾತ್ರ ಅದು ಮುಗಿಯುವುದೇ ಇಲ್ಲ. ಮೂವತ್ತು ವರ್ಷ ವಿಜಯಪುರದ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದೆ. ನಾನು ಸೀಟಿ ಊದದಿದ್ದರೆ ಬಸ್ಸೇನು, ಸೊಲ್ಲಾಪುರ ರಸ್ತೆಯ ಮೇಲಿನ ಸೂರ್ಯನೂ ಮುಳುಗುತ್ತಿರಲಿಲ್ಲ. ನಿವೃತ್ತಿಯಾದ ಮೇಲೆ ಜೋರಾಪುರ ಪೇಟೆಯ ಮನೆಯ ಕಟ್ಟೆಯ ಮೇಲೆ ಸುಮ್ಮನೆ ಕೂಡುವ ವಿಚಾರ ಮಾಡಿದ್ದೆ. ಜಗತ್ತು ಬಿಡಬೇಕಲ್ಲ!

ತಿಕೋಟಾ ರಸ್ತೆಯಲ್ಲಿ ಬಾಗಿಲು ಹಾಕಿದ್ದ ಹತ್ತಿ ಜಿನ್ನಿಂಗ್ ಕಾರ್ಖಾನೆಯ ಕಂಪೌಂಡಿನೊಳಗೆ ಒಂದು ತರಬೇತಿ ಶಿಬಿರ ಬಂತು. ಮಿಲಿಟರಿಯವರು, ಪೊಲೀಸರು, ಕಾಗದಪತ್ರದ ಸಿವಿಲ್ ಅಧಿಕಾರಿಗಳು, ಎಲ್ಲರೂ ಕೂಡಿ ಜಗಳ ಹತ್ತಿದ ಪರದೇಶಕ್ಕೆ ಶಾಂತಿ ಕಾಯಲು ಹೋಗುವವರು. ನಮ್ಮ ದೇಶದವರೂ ಇದ್ದರು, ನೆರೆಯ ದೇಶಗಳವರೂ ಇದ್ದರು. ಅವರ ಅಭ್ಯಾಸಕ್ಕೆ ಒಂದು ಜಗಳಗಂಟ ಊರು ಬೇಕಲ್ಲ? ತಗಡಿನ ಶೆಡ್ಡು ಹಾಕಿ ಸುಳ್ಳು ಊರು ಕಟ್ಟಿದರು. ನಡುವೆ ಸುಣ್ಣದ ಗೆರೆ ಎಳೆದು ಈಚೆ ಮೇಲಿನ ಓಣಿ, ಆಚೆ ಕೆಳಗಿನ ಓಣಿ ಅಂದರು. ಎರಡಕ್ಕೂ ಬಾವಿ ನೀರಿನ ವೈರ. ಊರಿನ ಮಂದಿಯಾಗಲು ಹನ್ನೆರಡು ಜನರನ್ನು ಆರಿಸಿದರು. ಮೇಲಿನ ಓಣಿಯ ಹಿರಿಯ ಯಾರು? ಕೇಳಬೇಕೇ!

ವೈರಿಗಳ ಮಜ್ಜಿಗೆ

ನಮಗೆ ಕೊಟ್ಟ ಕೆಲಸ ಒಂದೇ, ಸಿಟ್ಟು. ಶಾಂತಿಪಡೆಯ ಬಿಳಿ ಜೀಪು ಬಂದಾಗ ದಾರಿಗೆ ಬೇವಿನ ದಿಮ್ಮಿ ಅಡ್ಡ ಹಾಕಿ, "ಹಿಂದಕ್ಕ ಹೋಗ್ರಿ!" ಎಂದು ಒದರಬೇಕು. ಬಂದವರು ಮರ್ಯಾದೆಯಿಂದ ಮಾತಾಡಿ ನಮ್ಮ ದೂರು ಪೂರ್ತಿ ಕೇಳಿಕೊಂಡರೆ ಮಾತ್ರ ದಿಮ್ಮಿ ಸರಿಸಬೇಕು. ಹಾಗಂತ ಎಲ್ಲರ ಕೈಗೂ ಒಂದೊಂದು ಚೀಟಿ ಕೊಟ್ಟಿದ್ದರು.

ಸಿಟ್ಟಿನ ಹೆಂಗಸರ ಮುಂದಾಳು ಬಬಲೇಶ್ವರದ ರೊಟ್ಟಿ ಅಕ್ಕ. ದಿನಾ ರೊಟ್ಟಿ ಬಡಿದು ಮಾರುವಾಕೆ. ಈ ಕೆಲಸ ಸಿಕ್ಕಿದ್ದಕ್ಕೆ ಆಕೆಗೆ ನನಗಿಂತ ಹೆಚ್ಚು ಸಂತೋಷ. "ಕಾಕಾ, ಮನ್ಯಾಗ ನನ್ನ ಸಿಟ್ಟಿಗೆ ಯಾರೂ ಕಿಮ್ಮತ್ತ ಕೊಡೂದಿಲ್ಲ. ಇಲ್ಲಿ ಅದಕ್ಕ ಪಗಾರ ಕೊಡ್ತಾರ," ಎನ್ನುತ್ತಿದ್ದಳು.

ಮೊದಲ ದಿನ ಮಟಮಟ ಮಧ್ಯಾಹ್ನ ಜೀಪು ಬಂತು. ನಾನು ಒದರಿದ ಒದರಿಗೆ ಬೇಲಿಯ ಮೇಲಿನ ಕಾಗೆಗಳೆಲ್ಲ ಎದ್ದುಹೋದವು. ಜೀಪಿನಿಂದ ಇಳಿದವರ ಮುಖ ಬಿಸಿಲಿಗೆ ಕೆಂಪಡರಿತ್ತು. ಹಿಂದಿನಿಂದ ಅಕ್ಕನ ದನಿ ಬಂತು: "ಯಪ್ಪಾ, ಎಂಥಾ ಬಿಸಲಾಗ ಬಂದಾವ ಮಕ್ಕಳು! ಬರ್ರಿ, ನೆರಳಿಗೆ ಕೂಡ್ರಿ."

ಐದೇ ನಿಮಿಷ. ಅಡ್ಡ ಹಾಕಿದ ದಿಮ್ಮಿಯ ಮೇಲೆ ಶಾಂತಿಪಡೆ ಸಾಲಾಗಿ ಕೂತು ಮಜ್ಜಿಗೆ ಕುಡಿಯುತ್ತಿತ್ತು.

ಶಿಬಿರದ ದೊಡ್ಡ ಸಾಹೇಬರು ಮೈಸೂರು ಕಡೆಯವರು. ಓಡಿಬಂದು, "ಏನ್ರೀ ಇದು? ನೀವು ಅವರನ್ನ ವಾಪಸ್ ಕಳಿಸಬೇಕಿತ್ತು!" ಎಂದರು.

"ಹೋಗ್ರಿ ಅಂತ ಹೇಳೇವಲ್ರಿ ಸಾಹೇಬ್ರ," ಎಂದಳು ಅಕ್ಕ. "ಉಂಡ ಮ್ಯಾಲ ಹೋಗ್ತಾರ."

ಬಂಡುಕೋರನ ರಸೀದಿ

ಕೆಳಗಿನ ಓಣಿಯಲ್ಲಿ ಬಂಡುಕೋರರ ನಾಯಕನಾಗಿದ್ದವನು ಇಬ್ರಾಹಿಂಪುರದ ಮಿಸ್ತ್ರಿ ಚಾಚಾ. ಸೊಲ್ಲಾಪುರ ರಸ್ತೆಯಲ್ಲಿ ಆತನದು ಟ್ರ್ಯಾಕ್ಟರ್ ರಿಪೇರಿಯ ಅಂಗಡಿ. ಆತನಿಗೆ ಆರು ಕಟ್ಟಿಗೆಯ ಬಂದೂಕು ಕೊಟ್ಟಿದ್ದರು. ಕೊಡುವಾಗ ಸ್ಟೋರಿನವನು ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡು, "ಒಂದು ಕಳೆದರೂ ನೀನೇ ಜವಾಬ್ದಾರ," ಎಂದು ಹೆದರಿಸಿದ್ದ.

ಅವತ್ತಿನ ಪಾಠ, ಬಂಡುಕೋರರ ಮನವೊಲಿಸಿ ಆಯುಧ ಕೆಳಗಿಡಿಸುವುದು. ಕ್ಯಾಪ್ಟನ್ ಒಬ್ಬರು ಕ್ಷಮಾದಾನದ ಮಾತಾಡಿದರು. ಸಿವಿಲ್ ಅಧಿಕಾರಿ ಸಾಲಿ, ದವಾಖಾನಿ, ಎಲ್ಲಾ ಕಟ್ಟಿಸುವ ವಿಚಾರ ಹೇಳಿದರು. ಚಾಚಾ ಬಂದೂಕುಗಳನ್ನು ತೊಡೆಯ ಮೇಲಿಟ್ಟುಕೊಂಡು ಅಲುಗಾಡಲಿಲ್ಲ. ಎರಡು ತಾಸಾಯಿತು. ಕೊನೆಗೆ ಕ್ಯಾಪ್ಟನ್ ಬೇಸತ್ತು, "ನಿಮಗೆ ಏನು ಬೇಕು ಅದನ್ನಾದರೂ ಹೇಳಿ," ಎಂದು ಕೈಮುಗಿದರು.

"ರಸೀದಿ ಬೇಕ್ರಿ. ಆರು ಬಂದೂಕ ಮುಟ್ಯಾವ ಅಂತ ಬರದ ಸಹಿ ಹಾಕ್ರಿ, ಈಗಿಂದೀಗ ತಗೊಂಡ ಹೋಗ್ರಿ."

ಮುಂದಿನ ವಾರ ಶಿಬಿರದ ಪಾಠದ ಹಾಳೆಯಲ್ಲಿ ಹೊಸ ಸಾಲೊಂದು ಅಚ್ಚಾಗಿತ್ತು: ಆಯುಧ ಪಡೆಯುವ ಮೊದಲು ರಸೀದಿ ತೋರಿಸಿ.

ನನ್ನ ಮರಣ

ಗಾಯಾಳುಗಳನ್ನು ಸಾಗಿಸುವ ಅಭ್ಯಾಸದ ದಿನ ನನಗೆ ಕೊಟ್ಟದ್ದು ಕಾಲಿನ ಗಾಯ. ನನ್ನಂಥವನಿಗೆ ಬರೀ ಕಾಲು ಸಾಲುತ್ತದೆಯೇ? ಮೈತುಂಬ ಕೆಂಪು ಬಣ್ಣ ಬಳಿದುಕೊಂಡು, ನಾಲಿಗೆ ಹೊರಗೆ ಹಾಕಿ ಸತ್ತುಬಿಟ್ಟೆ.

ತರಬೇತಿಗೆ ಬಂದ ಡಾಕ್ಟರು ಗಾಯಾಳುಗಳ ಹೆಸರಿನ ಪಟ್ಟಿ ನೋಡಿ, "ಅಂಕಲ್, ಈ ಪಟ್ಟಿಯಲ್ಲಿ ನೀವು ಬದುಕಿದ್ದೀರಿ," ಎಂದರು. ನಾನು ಒಪ್ಪಲಿಲ್ಲ. ನಾಲ್ವರು ಸ್ಟ್ರೆಚರಿನ ಮೇಲೆ ಹೊತ್ತು ಗೇಟು ದಾಟಿಸುವಾಗ ನಮ್ಮ ಓಣಿಯವನೊಬ್ಬ ಮೋಟರ್‌ಸೈಕಲ್ಲಿನ ಮೇಲೆ ಹೋಗುತ್ತಿದ್ದ. ನೋಡಿದವನೇ ಗಾಬರಿಯಾಗಿ ಜೋರಾಪುರ ಪೇಟೆಗೆ ಫೋನು ಹೊಡೆದ.

ಸಂಜೆ ಮನೆಗೆ ಹೋದರೆ ಬಾಗಿಲ ಮುಂದೆ ಮಂದಿಯೋ ಮಂದಿ. ನನ್ನ ಮುಖ ಕಂಡು ಅರ್ಧ ಜನ ಚಪ್ಪಲಿ ಬಿಟ್ಟು ಓಡಿದರು. ಹೆಂಡತಿ ಮಾತ್ರ ಪಡಸಾಲೆಯಲ್ಲಿ ಕೂತು ಮೆಂತ್ಯ ಸೋಸುತ್ತಿದ್ದಳು.

"ನಾ ಸತ್ತ ಸುದ್ದಿ ಬಂದ್ರೂ ಒಂದ ಹನಿ ಕಣ್ಣೀರಿಲ್ಲಲ್ಲ ನಿನಗ?" ಎಂದು ಕೇಳಿದೆ.

"ನಾ ನಂಬಲಿಲ್ಲರಿ," ಎಂದಳು. "ಅಷ್ಟ ದೊಡ್ಡ ಕೆಲಸ ಮಾಡಿದ್ರ ಮದಲ ನನಗ ಫೋನ್ ಮಾಡಿ ಹೇಳ್ತಿದ್ರಿ."

ಕೊನೆಯ ಪರೀಕ್ಷೆ

ಇಷ್ಟಾಗುವ ಹೊತ್ತಿಗೆ ದೊಡ್ಡ ಸಾಹೇಬರಿಗೆ ಸಾಕಾಗಿತ್ತು. ಏಕೆಂದರೆ ಮಜ್ಜಿಗೆ ಒಂದೇ ದಿನಕ್ಕೆ ನಿಂತಿರಲಿಲ್ಲ. ಬೈಯಲು ಹೋದ ಮಂದಿ ದಿನಾ ಏನಾದರೊಂದು ತಿನಿಸಿಯೇ ಬರುತ್ತಿದ್ದರು. ಸಾಹೇಬರು ನಮ್ಮನ್ನೆಲ್ಲ ನಿಲ್ಲಿಸಿ ಹೇಳಿದರು: "ಶನಿವಾರ ಕೊನೆಯ ಪರೀಕ್ಷೆ. ನೋಡೋಕೆ ಮೇಲಿನಿಂದ ಪರೀಕ್ಷಕರೊಬ್ಬರು ಬರ್ತಾರೆ. ಅವತ್ತು ಒಬ್ಬರಿಗೆ ಒಂದು ಲೋಟ ನೀರು ಕೊಟ್ಟರೂ ಸರಿ, ಹನ್ನೆರಡೂ ಜನ ಮನೆಗೆ. ಬೇರೆ ಊರಿಂದ ನಾಟಕದವರನ್ನ ಕರೆಸ್ತೀನಿ."

ಅಕ್ಕನ ಮುಖ ಬಾಡಿತು. ನನ್ನದೂ ಬಾಡಿತು. ನಾನು ಒಂದು ಊರಿನ ಹಿರಿಯನಾದ ಸುದ್ದಿಯನ್ನು ಇಡೀ ಪೇಟೆಗೆ ಹೇಳಿಕೊಂಡಿದ್ದೆ. ಅದು ಯಾವ ಊರು ಅನ್ನುವುದನ್ನಷ್ಟೇ ಹೇಳಿರಲಿಲ್ಲ.

ಶನಿವಾರ ತಂಡದ ಮುಂದಾಳಾಗಿ ಬಂದವರು ಒಬ್ಬ ಪೊಲೀಸ್ ಇನ್‌ಸ್ಪೆಕ್ಟರ್ ಮೇಡಂ. ದೂರದ ಗುಡ್ಡಗಾಡು ರಾಜ್ಯದವರು. ಇಂಥದೇ ಪರೀಕ್ಷೆಯಲ್ಲಿ ಹಿಂದೆ ಬೇರೆ ಶಿಬಿರಗಳಲ್ಲಿ ಎರಡು ಸಲ ನಪಾಸಾಗಿದ್ದರು. ಈ ಸಲವೂ ದಾರಿ ತೆರೆಯದಿದ್ದರೆ ಪರದೇಶದ ಕೆಲಸ ಕೈತಪ್ಪುತ್ತಿತ್ತು. ಮೂರು ವಾರದಲ್ಲಿ ನಮ್ಮ ಅಕ್ಕನ ಮಜ್ಜಿಗೆ ಎಲ್ಲರಿಗಿಂತ ಹೆಚ್ಚು ಕುಡಿದವರೂ ಅವರೇ.

ಮೇಡಂ ಎಲ್ಲವನ್ನೂ ಪುಸ್ತಕದ ಪ್ರಕಾರ ಮಾಡಿದರು. ಕಪ್ಪು ಕನ್ನಡಕ ತೆಗೆದರು, ನಮಸ್ಕಾರ ಹೇಳಿದರು, ದುಭಾಷಿಯ ಮೂಲಕ ನಮ್ಮ ಬಾವಿಯ ದೂರು ಪೂರ್ತಿ ಕೇಳಿಕೊಂಡರು. ಚೀಟಿಯ ಪ್ರಕಾರ ನಾವು ಆಗಲೇ ದಿಮ್ಮಿ ಸರಿಸಬೇಕಿತ್ತು. ಆದರೆ ಸಾಹೇಬರ ಹೆದರಿಕೆಗೆ ಚೀಟಿ ನೆನಪಿದ್ದದ್ದು ಯಾರಿಗೆ? ಮೇಡಂ ಮುಖ ನೋಡಿದರೆ ಕರಗಿಬಿಡುತ್ತೇನೆಂದು ಅಕ್ಕ ತಗಡಿನ ಗೋಡೆಗೆ ಮುಖ ಮಾಡಿ ನಿಂತಿದ್ದಳು. ನಾನು "ಹಿಂದಕ್ಕ ಹೋಗ್ರಿ!" ಬಿಟ್ಟು ಬೇರೆ ಮಾತೇ ಆಡಲಿಲ್ಲ. ಪರೀಕ್ಷಕರ ಹಿಂದೆ ನಿಂತ ಸಾಹೇಬರು ಎರಡೂ ಕೈ ಬೀಸಿ ದಿಮ್ಮಿ ತೆಗೆಯಿರಿ ಎಂದು ಸನ್ನೆ ಮಾಡಿದರು. ಇನ್ನೂ ಜೋರು ಮಾಡಿ ಅನ್ನುತ್ತಿದ್ದಾರೆ ಎಂದುಕೊಂಡು ನಾನು ಅಂಗಿಯ ತೋಳು ಮಡಚಿದೆ.

ಒಂದೂವರೆ ತಾಸಾಯಿತು. ಪರೀಕ್ಷಕರು ಪೆನ್ನಿನ ಮುಚ್ಚಳ ಹಾಕಿದರು. ಮೇಡಂ ಕಣ್ಣಂಚು ಒದ್ದೆಯಾಗಿತ್ತು. ಟೋಪಿ ತೆಗೆದು ದಿಮ್ಮಿಯ ಮೇಲೆ ಕೂತರು. ದುಭಾಷಿಯನ್ನು ಕೈಯಿಂದ ತಡೆದು, ತಾವೇ ಕಲಿತ ನಮ್ಮ ಮಾತಿನಲ್ಲಿ ಹೇಳಿದರು: "ಯಕ್ಕಾ, ಹೊಟ್ಟಿ ಹಸದೈತಿ."

ಗೋಡೆಗೆ ಮುಖ ಮಾಡಿದ ಅಕ್ಕನ ಬೆನ್ನು ಒಮ್ಮೆ ಅಲುಗಿತು. ತಿರುಗಿ ಸಾಹೇಬರನ್ನು ನೋಡಿದಳು, ನನ್ನನ್ನು ನೋಡಿದಳು. "ಕೆಲಸ ಹೋದ್ರ ಹೋಗ್ಲಿ ಬಿಡು ಕಾಕಾ," ಎಂದವಳೇ ರೊಟ್ಟಿಯ ಗಂಟು ಬಿಚ್ಚಿದಳು.

ಗೆರೆಯ ಆಚೆಯಿಂದ ಮಿಸ್ತ್ರಿ ಚಾಚಾ ಕೂಗಿದ: "ನಮ್ಮ ಕಡೆ ಶೇಂಗಾ ಚಟ್ನಿ ಐತಿ, ತರಲೇನ ಬೇ?" ಕೇಳಿದ್ದೊಂದೇ, ಉತ್ತರ ಬರುವಷ್ಟರಲ್ಲಿ ಸುಣ್ಣದ ಗೆರೆ ತುಳಿದುಕೊಂಡು ಬಂದೇಬಿಟ್ಟ. ಹಿಂದೆಯೇ ಇಡೀ ಕೆಳಗಿನ ಓಣಿ ಬಂತು. ದಿಮ್ಮಿಯನ್ನು ಬದಿಗೆ ಸರಿಸಿ ಎರಡೂ ಓಣಿಯವರು, ಶಾಂತಿಪಡೆಯವರು ಸಾಲಾಗಿ ಕೂತರು. ದಾರಿಯಲ್ಲಿ ನಾನೊಬ್ಬನೇ ಕೈ ಎತ್ತಿ ನಿಂತಿದ್ದೆ, ಹಿಂದಕ್ಕೆ ಕಳಿಸಲು ಯಾರೂ ಉಳಿದಿರಲಿಲ್ಲ. ಮೇಡಂ ನನಗೂ ಒಂದು ರೊಟ್ಟಿ ಚಾಚಿದರು. ತೆಗೆದುಕೊಂಡೆ. ಆ ಯುದ್ಧ ಮುಗಿಸಿದವನು ಹಾಗೆ ನೋಡಿದರೆ ನಾನೇ.

ಪರೀಕ್ಷಕರಿಗೂ ಒಂದು ತಾಟು ಹೋಯಿತು. ಹಲವು ದೇಶಗಳ ಜಗಳ ಕಂಡ ಹಿರಿಯರು. ಉಣ್ಣುತ್ತಲೇ ಹೇಳಿದರು: "ದಾರಿ ತೆರೆದಿದೆ, ಎರಡೂ ಕಡೆಯವರು ಒಟ್ಟಿಗೆ ಕೂತಿದ್ದಾರೆ. ಮೇಡಂ ಪಾಸು." ಮೇಡಂ ಅಕ್ಕನನ್ನು ಅಪ್ಪಿಕೊಂಡರು. ನಾವು ಹನ್ನೆರಡು ಜನ ಸಾಹೇಬರ ಕಡೆ ನೋಡಿದೆವು. ಅವರ ಮುಖ ಇನ್ನೂ ಗಂಟಿಕ್ಕಿಯೇ ಇತ್ತು.

ಪರೀಕ್ಷಕರು ಅರ್ಧ ರೊಟ್ಟಿ ತಾಟಿನಲ್ಲೇ ಬಿಟ್ಟು ಎದ್ದರು. "ಒಂದೇ ಕೊರತೆ," ಎಂದರು ಸಾಹೇಬರಿಗೆ, "ಈ ಊರಿನಲ್ಲಿ ನಿಜವಾದ ಸಿಟ್ಟೇ ಕಾಣಲಿಲ್ಲ."

"ಯಾರದದು ತಾಟು?" ಎಂದು ಒಂದು ಗುಡುಗು ಕೇಳಿತು. ನೋಡಿದರೆ ಅಕ್ಕ ಸೆರಗು ಸಿಗಿಸಿಕೊಂಡು ಪರೀಕ್ಷಕರ ಎದುರಿಗೆ ನಿಂತಿದ್ದಾಳೆ! "ನಸಕಿನ್ಯಾಗ ಎದ್ದ ಬಡದ ರೊಟ್ಟಿ! ಅರ್ಧಕ್ಕ ಬಿಟ್ಟ ಏಳ್ತೀರಿ? ಕೂಡ್ರಿ ಕೆಳಗ!"

ಪರೀಕ್ಷಕರು ಕೂತರು. ಗಾಬರಿಯಲ್ಲಿ ಅವರ ಜೊತೆ ಮೇಡಂ ಕೂತರು, ಕ್ಯಾಪ್ಟನ್ ಕೂತರು, ಉಂಡು ಕೈ ತೊಳೆದಿದ್ದ ಚಾಚಾನೂ ಕೂತ.

ದೊಡ್ಡ ಸಾಹೇಬರ ಮುಖ ಮೊದಲ ಸಲ ಅರಳಿತು. "ಇದೇ ಕಣ್ರೀ!" ಎಂದು ಕುಣಿದಾಡಿದರು. "ಮೂರು ವಾರದಿಂದ ನಾನು ಕೇಳ್ತಿದ್ದ ಸಿಟ್ಟು ಇದೇ! ಅಮ್ಮಾ, ಮುಂದಿನ ತಂಡಕ್ಕೂ ನೀವೇ ಬನ್ನಿ, ಎಲ್ಲರೂ ಬನ್ನಿ!"

"ಬರ್ತೇವ್ರಿ," ಎಂದಳು ಅಕ್ಕ, ಸಾಹೇಬರ ಕೈಗೂ ಒಂದು ತಾಟು ಕೊಡುತ್ತ. "ಮದಲ ನೀವು ಕೂಡ್ರಿ."