ತಿದ್ದಲಾಗದ ಮುಯ್ಯಾಳು ಕರಾರು

ಯಾರು ಏನೇ ಹೇಳಲಿ, ಬಿಚ್ಚಿ ನೋಡದೆ ನಂಬಬಾರದು ಎಂಬುದು ನನ್ನ ಬಾಳಿನ ನಿಯಮ. ಶಾಲೆಗೂ ನನಗೂ ನಂಟು ಬೇಗನೆ ಬಿಟ್ಟುಹೋಯಿತು. ಆಮೇಲೆ ಕೆ.ಆರ್. ಪೇಟೆಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟು, ಕಂಪನಿಯ ನಕ್ಷೆಯನ್ನು ಒಂದು ದಿನವೂ ನಂಬದೆ, ಸೆಟ್ಟುಗಳನ್ನು ಬಿಚ್ಚಿ ಬಿಚ್ಚಿಯೇ ವಿದ್ಯೆ ಸಂಪಾದಿಸಿದೆ. ಬಿಚ್ಚಿದವುಗಳಲ್ಲಿ ಕೆಲವು ಮತ್ತೆ ಹಾಡಿದ್ದೂ ಉಂಟು! ಶ್ರೀರಂಗಪಟ್ಟಣದಲ್ಲಿ ಯಾರಾದರೂ ಒಂದು ಗುಂಡಿ ತೋರಿಸಿ ಇದು ಮೈಸೂರಿಗೆ ಹೋಗುವ ಸುರಂಗವೆಂದರೆ, "ತಾವು ಅದರಲ್ಲಿ ಹೋಗಿ ಬಂದಿದ್ದೀರಾ?" ಎಂದು ಕೇಳದೆ ಬಿಟ್ಟವನಲ್ಲ.

ಅಂಗಡಿ ಮುಚ್ಚಿ ಅಕ್ಕಿಹೆಬ್ಬಾಳಿನ ಮನೆಯಲ್ಲಿ ಕುಳಿತ ಮೇಲೆ, ಅನುಮಾನಿಸಲು ನನಗೆ ಉಳಿದದ್ದು ಹೆಂಡತಿ ಜಯಮ್ಮನ ನೆನಪಿನ ಶಕ್ತಿಯೊಂದೇ.

ನಮ್ಮ ಬೀದಿಯ ಮನೆಗಳ ನಡುವೆ ಭತ್ತದ ನಾಟಿಗೆ ಮುಯ್ಯಾಳಿನ ಪದ್ಧತಿಯಿದೆ. ಇಂದು ನಿಮ್ಮ ಗದ್ದೆಗೆ ನಮ್ಮ ಮನೆಯ ಹೆಂಗಸು ಬಂದು ನಾಟಿ ಹಾಕಿದರೆ, ನಮ್ಮ ನಾಟಿಯ ದಿನ ನಿಮ್ಮ ಮನೆಯವರು ಬರಬೇಕು. ಆಳಿಗೆ ಆಳು, ಕೂಲಿಯ ಮಾತಿಲ್ಲ. ಯಾರಿಂದ ಯಾರಿಗೆ ಬಾಕಿ ಎಂಬುದೆಲ್ಲ ಜಯಮ್ಮನ ತಲೆಯಲ್ಲಿತ್ತು.

"ಇದಕ್ಕೆ ಆಧಾರ ಏನು?" ಎಂದು ಒಂದು ದಿನ ಕೇಳಿದೆ.

"ನಾನೇ" ಎಂದಳು.

ಈ ಉತ್ತರ ನನಗೆ ಶಾಸ್ತ್ರಸಮ್ಮತವೆನಿಸಲಿಲ್ಲ. ಆ ದಿನಗಳಲ್ಲಿ ನಾನು ಬ್ಲಾಕ್‌ಚೈನ್ ಎಂಬ, ಹಲವು ಕಂಪ್ಯೂಟರುಗಳು ಹಂಚಿಕೊಂಡು ಕಾಯುವ ಲೆಕ್ಕದ ಜಾಲವನ್ನು ಬಿಚ್ಚಿ ನೋಡುತ್ತಿದ್ದೆ. ಅದರಲ್ಲಿ ಸ್ಮಾರ್ಟ್ ಕಾಂಟ್ರ್ಯಾಕ್ಟ್ ಎಂಬ ಒಂದು ಬಗೆಯ ಕರಾರುಂಟು. ನಾವು ಬರೆದಿಟ್ಟ ಷರತ್ತಿನಂತೆ ಅದು ತಾನೇ ನಡೆಯುತ್ತದೆ. ಒಮ್ಮೆ ಜಾಲಕ್ಕೆ ಏರಿಸಿದರೆ ಬ್ರಹ್ಮನೂ ತಿದ್ದಲಾರ. ಕಲಿಯುವವರಿಗೆಂದೇ ಪುಕ್ಕಟೆಯ ಜಾಲವೂ ಇದೆ. ಮುಯ್ಯಾಳಿಗೆ ಇದಕ್ಕಿಂತ ತಕ್ಕದ್ದು ಯಾವುದು? ಪ್ರತಿ ಮನೆಗೂ ಒಂದು ಚಿಕ್ಕ ಕರಾರು, ಎಲ್ಲಕ್ಕೂ ಯಜಮಾನನಾಗಿ ಒಂದು ದೊಡ್ಡ ಕರಾರು ಬರೆದೆ. ಒಬ್ಬರ ನಾಟಿಯ ದಿನ ನಿಶ್ಚಯವಾದಾಗ ದೊಡ್ಡದು ಮನೆಮನೆಯ ಚಿಕ್ಕದನ್ನು ಕರೆಯುತ್ತದೆ. ಆ ಮನೆಯವರು ಫೋನಿನಲ್ಲಿ ಒಪ್ಪಿಗೆ ಒತ್ತಿಟ್ಟಿದ್ದರೆ ಕರೆ ಫಲಿಸುತ್ತದೆ. ಇಲ್ಲವಾದರೆ ವಿಫಲ.

ಒಂದು ಕರಾರು ಇನ್ನೊಂದಕ್ಕೆ ಕೊಟ್ಟ ಕರೆ ವಿಫಲವಾಗಬಹುದು, ಅದರ ಉತ್ತರವನ್ನು ನೋಡಿಯೇ ಮುಂದುವರಿಯಬೇಕು ಎಂದು ನಾನು ಓದುತ್ತಿದ್ದ ಬ್ಲಾಕ್‌ಚೈನ್ ಪಾಠದಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದರು. ನನಗೆ ಅನುಮಾನ ಬಂತು. ನಮ್ಮ ಬೀದಿಯಲ್ಲಿ ಕರೆದರೆ ಬಾರದವರು ಯಾರಿದ್ದಾರೆ? ಇದು ಪಟ್ಟಣದವರ ಭಯ ಎಂದು ತೀರ್ಮಾನಿಸಿ, ಕರೆದ ಮರುಕ್ಷಣವೇ 'ಆಳು ಬಂದಿದೆ' ಎಂದು ದಾಖಲಾಗುವಂತೆ ಬರೆದೆ.

ಬೀದಿಯ ಕೊನೆಯಲ್ಲಿ ರಾಜಣ್ಣ, ಶಿವಣ್ಣ ಎಂಬ ಅಣ್ಣತಮ್ಮಂದಿರ ಮನೆ. ನಡುವೆ ಗೋಡೆ ಎದ್ದಿದ್ದರೂ ಮುಯ್ಯಾಳಿನ ಮಟ್ಟಿಗೆ ಅದು ಒಂದೇ ಮನೆ. ಭಾಗವಾಗುವಾಗ ಆ ಮನೆಯ ಫೋನು ಅಣ್ಣನಿಗೆ ಬಂದಿತ್ತು. ಅದರಲ್ಲಿ ಒಪ್ಪಿಗೆ ಒತ್ತಲು ಬೇಕಾದ ಪಾಸ್‌ವರ್ಡು ತಮ್ಮನಿಗೆ!

ಮೊದಲ ನಾಟಿ ಎದುರುಮನೆಯ ಕೆಂಪಮ್ಮನದು. ಅಂದು ಮಧ್ಯಾಹ್ನವೇ ಆಕೆ ಕೆಸರುಗಾಲಿನಲ್ಲಿ ನಮ್ಮ ಜಗಲಿ ಹತ್ತಿದಳು.

"ಅಣ್ಣೋ, ರಾಜಣ್ಣನ ಮನೇಲಿಂದ ಒಂದು ನರಪಿಳ್ಳೆನೂ ಬರ್ನಿಲ್ಲ. ನಿಮ್ಮ ಫೋನ್ ನೋಡುದ್ರೆ ಬಂದವ್ರೆ ಅಂತದೆ!"

ಹಿಂದೆಯೇ ರಾಜಣ್ಣನೂ ಬಂದ. "ಬಂದಿದ್ದೀವಿ ಅಂತ ಐತಲ್ಲ ಮಾವ, ಅಂಗಾದ್ರೆ ಕೆಂಪಕ್ಕ ನಮ್ಮ ಗದ್ದೆಗೆ ಯಾವತ್ತು ಬತ್ತಾಳೆ?"

"ಬಾರದೆ ಹೋದೋನ್ಗೆ ನಾನ್ ಬೇರೆ ಬರ್ಬೇಕೇನ್ಲಾ!" ಎಂದು ಕೆಂಪಮ್ಮ ಸೆರಗು ಸಿಕ್ಕಿಸಿದಳು.

ಬಿಡಿಸಲು ಹೋದ ನನ್ನ ಬಿಳಿ ಪಂಚೆಗೂ ಕೆಸರಿನ ಪಾಲು ಸಿಕ್ಕಿತು.

ಆದರೆ ನಾನು ಸೋಲುವವನಲ್ಲ. ಎರಡನೆಯ ಕರಾರು ಬರೆದೆ. ಈ ಬಾರಿ ಉತ್ತರವನ್ನು ನೋಡದೆ ಅದು ಒಂದು ಹೆಜ್ಜೆಯೂ ಇಡದು. ಎಷ್ಟು ಕಟ್ಟುನಿಟ್ಟೆಂದರೆ, ಒಂದೇ ಒಂದು ಮನೆಯ ಕರೆ ವಿಫಲವಾದರೂ ಇಡೀ ನಾಟಿ ರದ್ದು! ಇದಕ್ಕೂ ಪಾಠದವರ ತಕರಾರಿತ್ತು. ಹೀಗೆ ಮಾಡಿದರೆ ಒಬ್ಬನು ಕೆಟ್ಟರೂ ಎಲ್ಲರ ಕೆಲಸ ನಿಲ್ಲುತ್ತದೆ, ಒಂದೊಂದು ಕರೆಯನ್ನೂ ಬೇರೆ ಬೇರೆಯಾಗಿ ನಡೆಸಿ, ವಿಫಲವಾದದ್ದನ್ನು ಬದಿಗಿಟ್ಟು ಉಳಿದವರೊಂದಿಗೆ ಮುಂದುವರಿಯಿರಿ ಎಂದಿದ್ದರು. ಅದು ನನಗೆ ಶಿಸ್ತಿಲ್ಲದ ಮಾತಾಗಿ ಕಂಡಿತು. ಫೋನಿನಲ್ಲಿ ಬಂದರಷ್ಟೇ ಆಳು, ರದ್ದೆಂದು ಬಂದರೆ ಯಾರೂ ಹೊರಡಬಾರದು ಎಂದು ಬೀದಿಗೆಲ್ಲ ಸಾರಿದೆ.

ಮುಂದಿನ ನಾಟಿ ನಮ್ಮದೇ ಆಗಿತ್ತು.

ನಾಲೆಯಲ್ಲಿ ನೀರಿತ್ತು, ಗದ್ದೆ ಹದವಾಗಿತ್ತು. ಪೈರು ಮಾತ್ರ ಇನ್ನೂ ಒಟ್ಟಲಿನ ಸಸಿಮಡಿಯಲ್ಲೇ ಬಲಿಯುತ್ತಿತ್ತು. ಬೆಳಿಗ್ಗೆ ಎಲ್ಲರ ಫೋನಿಗೂ ಒಂದೇ ಸುದ್ದಿ: ರದ್ದು. ಮಾರನೆಯ ಬೆಳಿಗ್ಗೆಯೂ ರದ್ದು.

"ಪೈರು ಗೆಣ್ಣು ಬುಡ್ತಾ ಅದೆ" ಎಂದಳು ಜಯಮ್ಮ. "ಇನ್ನೆಲ್ಡು ದಿನ ಹೋದ್ರೆ ದನುಕ್ಕೆ ಹಾಕ್ಬೇಕು. ವರ್ಸದ ಅನ್ನ ಕಣ್ರೀ ಅದು. ತಿದ್ದಿ ಅದುನ್ನ!"

"ತಿದ್ದೋಕಾಗಲ್ಲ. ಅದೇ ಅದರ ಹಿರಿಮೆ."

"ಇನ್ನೊಂದು ಬರೀರಿ."

"ಒಂದು ವಾರ ಬೇಕು."

ಜಯಮ್ಮ ಎದ್ದು ದನಕ್ಕೆ ಹುಲ್ಲು ಹಾಕಲು ಹೋದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಒಪ್ಪಿಗೆ ಬಾರದಿದ್ದ ಒಂದೇ ಮನೆ ರಾಜಣ್ಣನದು; ಅವನ ಬಾಗಿಲಿಗೆ ಹೋದೆ. "ಒಪ್ಪಿಗೆ ಒತ್ತಪ್ಪ ರಾಜ."

"ಒತ್ತಾನ ಬುಡಿ ಮಾವ, ಅದ್ಕೇನಂತೆ! ಪಾಸ್‌ವರ್ಡು ಕೇಳ್ತದೆ. ಅದು ಆ ಕಡೆ ಐತೆ."

ಆ ಕಡೆಗೆ ಹೋದೆ. "ಯೋಳ್ತೀನಿ ಮಾವ, ನೀವು ಕೇಳ್ದಾಗ ಇಲ್ಲ ಅಂತೀನಾ?" ಎಂದ ಶಿವಣ್ಣ. "ಅವ್ನೇ ಬಂದು ಕೇಳ್ಲಿ."

"ಬದ ನುಂಗಿದೋನ್ನ ನಾನ್ ಕೇಳಾದಾ?" ಗೋಡೆಯಾಚೆಯಿಂದ ಕೂಗು ಬಂತು.

"ಬದ ನುಂಗಿದ್ದು ಯಾರು ಅಂತ ಮೊದ್ಲು ನಿಮ್ಮ ಫೋನಲ್ಲಿ ನೋಡಿ ಯೋಳಿ ಮಾವ!" ಗೋಡೆಯೀಚೆಯಿಂದ ಮರುಕೂಗು.

ಆ ಕರಾರಿಗೆ ಗದ್ದೆಯ ಬದುವಿನ ವ್ಯಾಜ್ಯ ತಿಳಿಯದು. ಅಲ್ಲಿಯೇ ಕಲ್ಲಿನ ಮೇಲೆ ಸ್ವಲ್ಪ ಹೊತ್ತು ಕುಳಿತೆ. ಕೊನೆಗೆ ಎದ್ದು, ಪಾಠದವರು ಹೇಳಿದ್ದನ್ನೇ ಕಾಲ್ನಡಿಗೆಯಲ್ಲಿ ಮಾಡಿದೆ. ಒಂದೊಂದೇ ಮನೆಯ ಬಾಗಿಲು ತಟ್ಟಿದೆ. ಬಂದವರು ಬಂದರು, ಅಣ್ಣತಮ್ಮಂದಿರ ಮನೆಯನ್ನು ಬಿಟ್ಟು ಮುಂದೆ ನಡೆದೆ.

"ಫೋನು ರದ್ದು ಅಂದದಲ್ಲಣ್ಣ?" ಎಂದಳು ಕೆಂಪಮ್ಮ, ನಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು.

"ಫೋನಿಗೆ ಅನ್ನ ಬೇಡ ಕಣಮ್ಮ. ನನಗೆ ಬೇಕು."

ಮರುದಿನ ಒಂದು ಆಳು ಕಡಿಮೆ ಬಿತ್ತು. ಕಡಿಮೆ ಮಾಡಿದವನೇ ತುಂಬಬೇಕೆಂಬ ನ್ಯಾಯದಂತೆ ಪಂಚೆ ಎತ್ತಿ ಕಟ್ಟಿ ನಾನೇ ಕೆಸರಿಗಿಳಿದೆ. ಇಳಿದ ಮೇಲೂ ನನ್ನ ಬುದ್ಧಿ ಸುಮ್ಮನಿರಲಿಲ್ಲ. ಪೈರನ್ನು ಇಷ್ಟೇ ಆಳಕ್ಕೆ ಊರಬೇಕೆಂದು ಯಾರು ಹೇಳಿದರು? ಆಳವಾಗಿದ್ದಷ್ಟೂ ಭದ್ರವಲ್ಲವೇ? ನಾನು ಭದ್ರವಾಗಿ ಊರಿದೆ. ಹಿಂತಿರುಗಿ ನೋಡಿದರೆ ನನ್ನ ಸಾಲಿನಲ್ಲಿ ಕೆಲವು ಪೈರು ಪೂರ್ತಿ ಮುಳುಗಿದ್ದವು, ಉಳಿದವು ನನ್ನಂತೆಯೇ ಒಂದು ಕಡೆಗೆ ವಾಲಿದ್ದವು. ಕೆಂಪಮ್ಮ ನನ್ನ ಹಿಂದೆಯೇ ಬಂದು ಎಲ್ಲವನ್ನೂ ಕಿತ್ತು ಮತ್ತೆ ನೆಟ್ಟಳು.

ಹೊತ್ತು ಮುಳುಗುವ ಮೊದಲು ನಾಟಿ ಮುಗಿಯಿತು. ಪೈರು ಉಳಿಯಿತು. ನಾನು ಬದುವಿನ ಮೇಲೆ ಸೊಂಟ ಹಿಡಿದು ಕುಳಿತು, ಪದ್ಧತಿಯಂತೆ ಗಂಭೀರವಾಗಿ ನುಡಿದೆ.

"ಕೆಂಪಮ್ಮ, ನಿನ್ನ ಕೆಳಗದ್ದೆ ನಾಟಿ ಇನ್ನೂ ಉಳಿದದೆ. ಇವತ್ತಿನ ಮುಯ್ಯಿಗೆ ಜಯಮ್ಮನ ಜೊತೇಲಿ ನಾನೂ ಬತ್ತೀನಿ."

ಕೆಂಪಮ್ಮ ಕಾಲುವೆಯಲ್ಲಿ ಕಾಲು ತೊಳೆಯುತ್ತಿದ್ದವಳು ಗಾಬರಿಯಿಂದ ಎದ್ದು ನಿಂತಳು.

"ಅಯ್ಯೋ, ಬ್ಯಾಡಿ ಕಣಣ್ಣ! ನೀವು ಬರ್ದೇ ಇದ್ರೆ ಸಾಕು, ಮುಯ್ಯಿ ತೀರ್ದಂಗೆ!"

ಒಡನೆಯೇ ಒಪ್ಪಿದೆ. ನನ್ನ ಸೊಂಟ ಅದಕ್ಕೂ ಮೊದಲೇ ಒಪ್ಪಿತ್ತು.