ದೂರ ಹೊಂಟೀರೇನು?

‘ನನಗೆ ಗೊತ್ತಿಲ್ಲ’ ಎಂಬ ಮಾತು ನನ್ನ ಬಾಯಿಂದ ಹೊರಡುವುದಿಲ್ಲ. ಬರೆಯಲು ಬರುತ್ತದೆ, ಈಗ ಬರೆದೆನಲ್ಲ. ಎದುರಿಗೆ ಒಬ್ಬರು ನಿಂತು ಏನಾದರೂ ಕೇಳಿದರೆ ಮಾತ್ರ ನಾಲಿಗೆ ತಾನಾಗಿಯೇ ಬೇರೆ ದಾರಿ ಹಿಡಿಯುತ್ತದೆ. ತಪ್ಪು ಪೂರ್ತಿ ನನ್ನದೂ ಅಲ್ಲ. ನಾನು ಕೊಪ್ಪಳದ ಸಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಕಾಲದಲ್ಲಿ, ಇಂಗ್ಲಿಷ್ ಬಲ್ಲವನಿಗೆ ಇಂಗ್ಲಿಷರು ಮಾಡಿದ್ದೆಲ್ಲ ಗೊತ್ತಿರುತ್ತದೆಂದು ಊರು ನಂಬಿತ್ತು. ಔಷಧದ ಸೀಸೆ ಹಿಡಿದು ಬಂದು, ‘ಇದನ್ನ ಕುಡೀಬೇಕೋ ಹಚ್ಚಿಕೋಬೇಕೋ ಹೇಳ್ರಿ ಮಾಸ್ತರ’ ಎನ್ನುತ್ತಿದ್ದರು. ಹೊಲಿಗೆ ಯಂತ್ರ ಕೆಟ್ಟರೂ, ಅದರ ಮೈಮೇಲೆ ಇಂಗ್ಲಿಷ್ ಅಕ್ಷರಗಳಿವೆಯೆಂಬ ಕಾರಣಕ್ಕೆ, ನನ್ನನ್ನೇ ಕರೆಯುತ್ತಿದ್ದರು. ನಾನೂ ಹೋಗಿ, ಅಕ್ಷರ ಓದಿ, ಗಂಭೀರವಾಗಿ ತಲೆಯಾಡಿಸಿ, ಎಣ್ಣೆ ಬಿಡಿ ಎಂದು ಹೇಳಿ ಬರುತ್ತಿದ್ದೆ. ಕೆಲವೊಮ್ಮೆ ಯಂತ್ರ ಸರಿಯೂ ಹೋಗುತ್ತಿತ್ತು. ನಾನು ಕೆಟ್ಟದ್ದೇ ಅದರಿಂದ.

ಹೀಗಿರುವಾಗ, ದೊಡ್ಡ ಯುದ್ಧ ಮುಗಿದ ಮರುವರ್ಷ, ನನ್ನ ಹೆಂಡತಿ ನೀಲವ್ವನ ತಮ್ಮ ಬಸವರಾಜ ತಾಯಿಯನ್ನು ಕರೆದುಕೊಂಡು ಯಲಬುರ್ಗಾದಿಂದ ನಮ್ಮ ಮನೆಗೆ ಬಂದಿಳಿದ. ಹೈದರಾಬಾದಿನಲ್ಲಿ ಬಿ.ಎಸ್ಸಿ. ಮುಗಿಸಿದ್ದ ಹುಡುಗ, ಅಮೇರಿಕದ ಒಂದು ಒಕ್ಕಲುತನದ ಕಾಲೇಜು ಅವನನ್ನು ಸೇರಿಸಿಕೊಳ್ಳಲು ಒಪ್ಪಿತ್ತು. ಖರ್ಚಿನ ಹೊಣೆಯನ್ನು ಅವನ ಸೋದರಮಾವ ಹೊತ್ತಿದ್ದರು. ಪಾಸ್‌ಪೋರ್ಟೂ ಕೈಗೆ ಬಂದಿತ್ತು. ಉಳಿದದ್ದು ವೀಸಾ ಒಂದೇ. ಮುಂಬಯಿಯಲ್ಲಿದ್ದ ಅಮೇರಿಕದವರ ಕಚೇರಿಗೆ ಹೋಗಿ ಅಲ್ಲಿಯ ಸಾಹೇಬರ ಸವಾಲುಗಳಿಗೆ ಜವಾಬು ಕೊಡಬೇಕು. ಅವರು ಒಲ್ಲೆನೆಂದರೆ ಜಾಗ ಬೇರೆಯವರ ಪಾಲು, ಮುಂದಿನ ವರ್ಷಕ್ಕೆ ಕಾದಿರಿಸುವುದಿಲ್ಲವೆಂದು ಕಾಲೇಜಿನವರು ಮೊದಲೇ ತಿಳಿಸಿಬಿಟ್ಟಿದ್ದರು. ‘ಮಾವ, ವೀಸಾಕ್ಕ ಏನೇನ್ ಕೇಳ್ತಾರ್ರಿ?’ ಎಂದು ಬಸವರಾಜ ಕೇಳಿದ. ಆ ಶಬ್ದ ನನ್ನ ಕಿವಿಗೆ ಬಿದ್ದದ್ದೇ ಅಂದು ಮೊದಲ ಸಲ. ‘ಅದೇನ್ ದೊಡ್ಡದೋ, ನಾ ತಯಾರ್ ಮಾಡಿಸ್ತೀನಿ’ ಎಂದುಬಿಟ್ಟೆ.

ಆಮೇಲೆ ಶುರುವಾಯಿತು ನೋಡಿ ನನ್ನ ಫಜೀತಿ. ಹೋಗಿಬಂದವರನ್ನು ವಿಚಾರಿಸಿ, ಹೈದರಾಬಾದಿಗೆ ಬರೆದು ಕೇಳಿ, ಒಂದಿಷ್ಟು ತಿಳಿದುಕೊಂಡೆ. ತಿಳಿದಷ್ಟೂ ತಲೆ ಗೊಂದಲದ ಗೂಡಾಯಿತು. ನಮ್ಮ ಅತ್ತೆಯವರು ಹಳೆಯ ಪದ್ಧತಿಯಂತೆ ಅಳಿಯನ ಎದುರಿಗೆ ಬಂದು ಮಾತಾಡುವವರಲ್ಲ. ಅಡಿಗೆಮನೆಯ ಕದದ ಹಿಂದೆ ನಿಂತು ಮಗಳಿಗೆ ಹೇಳಿದಂತೆ ಮಾಡಿ ನನಗೆ ಹೇಳುತ್ತಿದ್ದರು. ‘ನೀಲಾ, ಹೋಗಾಕ ಒಂದು ಕಾಗದ ಆತಲ್ಲ, ಬಾ ಅನ್ನಾಕ ಇನ್ನೊಂದು ಯಾಕಂತ ಕೇಳು. ಕಾಲೇಜಿನವರು ಬಾ ಅಂದಾರಲ್ಲ?’

‘ಕಾಲೇಜು ಬಾ ಅಂದ್ರ ಆಗೂದಿಲ್ರಿ, ದೇಶ ಬಾ ಅನ್ನಬೇಕು’ ಎಂದೆ.

‘ದೇಶ ಯಾವಾಗ ಬಾ ಅಂತೈತಂತ?’

‘ವಾಪಸ್ ಹೋಗ್ತಾನ ಅಂತ ನಂಬಿಗಿ ಬಂದಾಗ.’

ಹೇಳಿಬಿಟ್ಟೆನಾದರೂ ನನಗೇ ಅದು ಅರ್ಥವಾಗಲಿಲ್ಲ. ಒಳಗೆ ಬರುತ್ತೇನೆಂದವನು ಮೊದಲು ಹೊರಗೆ ಹೋಗುತ್ತೇನೆಂದು ಸಾಬೀತು ಮಾಡಬೇಕು. ಹಾಗಾದರೆ ಹೋಗುವುದೇ ಇಲ್ಲವೆಂದರೆ ಇನ್ನೂ ಖುಷಿಯಾಗುತ್ತಾರೇನೋ! ಕದದ ಹಿಂದಿನಿಂದ ನಿಟ್ಟುಸಿರು ಕೇಳಿಸಿತು. ‘ಮನಿಗೆ ಬಂದ ಬೀಗರನ್ನ ಹೊಸ್ತಿಲದಾಗ ನಿಲ್ಲಿಸಿ, ಯಾವಾಗ ಹೋಗ್ತೀರಿ, ನಿಮಗ ಉಣ್ಣಾಕ ಯಾರು ಹಾಕ್ತಾರ ಅಂತ ಕೇಳ್ತಾರಂತೇನ? ಎಂಥಾ ಮಂದಿನೋ ಯವ್ವಾ!’ ಹುಟ್ಟಿದ ದಿನಕ್ಕೆ ಪುರಾವೆ ಬೇಕೆಂದಾಗಲೂ ಇದೇ ಕಥೆ. ‘ಹನುಮಸಾಗರದಾಗ ನಮ್ಮಣ್ಣ ಬಾವಿ ತೋಡಿಸಿದನಲ್ಲ, ಅದಕ್ಕ ನೀರು ಬಿದ್ದ ದಿನಾನ ಹುಟ್ಯಾನ. ಬೇಕಾದ್ರ ಬಂದು ಬಾವಿ ನೋಡಲಿ’ ಎಂದರು. ಬಾವಿಯನ್ನು ಮುಂಬಯಿಗೆ ಒಯ್ಯುವ ಉಪಾಯ ಕಾಣದೆ ನಾನು ಊರಿನ ಹಿರಿಯರಿಂದ ಒಂದು ದಾಖಲೆ ಬರೆಸಿದೆ. ಇನ್ನು ವೀಸಾ ಸಿಕ್ಕ ಮೇಲೆ ಉಳಿಸಿಕೊಳ್ಳುವುದು ಹೇಗೆಂದು ಬಸವರಾಜ ಕೇಳಿದ. ಪಾಠ ತಪ್ಪಿಸಬಾರದು, ಕೇಳದೆ ಕಾಲೇಜು ಬದಲಿಸಬಾರದು, ಹೇಳದೆ ನೌಕರಿ ಹಿಡಿಯಬಾರದು, ಓದು ಮುಗಿದ ಮೇಲೆ ಸುಮ್ಮನೆ ಕೂರಬಾರದು ಎಂದು ಒಪ್ಪಿಸಿದೆ. ‘ಅಂದ್ರ ಮನಿ ಅಳಿಯ ಇದ್ದಂಗ ಇರಬೇಕು ಅನ್ನು’ ಎಂದಿತು ಕದ. ನಾನು ಮನೆ ಅಳಿಯನಲ್ಲ, ಅತ್ತೆಯೇ ನಮ್ಮ ಮನೆಯಲ್ಲಿದ್ದರು. ಆದರೂ ಕುರ್ಚಿಯಲ್ಲಿ ಸ್ವಲ್ಪ ಸರಿದು ಕುಳಿತೆ.

ತಯಾರಿಗೆಂದು ಪಡಸಾಲೆಯಲ್ಲಿ ನಾನೇ ಸಾಹೇಬನಾದೆ. ಕೋಟು ತೊಟ್ಟು, ಕಾಲಮೇಲೆ ಕಾಲು ಹಾಕಿ, ಬಸವರಾಜನನ್ನು ಬಾಗಿಲಿನಿಂದ ಒಳಗೆ ಕರೆಸಿ, ಇಂಗ್ಲಿಷಿನಲ್ಲಿ ಮೊದಲ ಸವಾಲು ಎಸೆದೆ: ‘ನೀವು ಎಲ್ಲಿಗೆ ಹೋಗುತ್ತಿದ್ದೀರಿ?’ ಅತ್ತೆಯವರಿಗೆ ಇಂಗ್ಲಿಷ್ ಬಾರದು. ಆದರೆ ನೀಲವ್ವನಿಗೆ ಅಷ್ಟಿಷ್ಟು ಬರುತ್ತಿತ್ತು, ಅವಳು ಹೇಳಿಬಿಟ್ಟಳು. ಒಳಗೆ ತಾಟು ಬಿದ್ದ ಸಪ್ಪಳವಾಯಿತು. ‘ಹೊಂಟವನಿಗೆ ಎಲ್ಲಿಗೆ ಅಂತ ಕೇಳಿದ್ರೇನ? ಕಲತವರು ಕೇಳೂ ಮಾತೇನ ಇದು? ಏ ಬಸ್ಯಾ, ಕೂಡೋ. ನೀರು ಕುಡಿ. ಆಮ್ಯಾಲ ಏಳುವಂತಿ!’ ನಮ್ಮ ಕಡೆ ಹೊರಟುನಿಂತವರನ್ನು ಎಲ್ಲಿಗೆ ಎಂದು ಕೇಳಿದರೆ ಹೋದ ಕೆಲಸ ಕೆಡುತ್ತದೆ. ಕೇಳಲೇಬೇಕಿದ್ದರೆ ‘ದೂರ ಹೊಂಟೀರೇನು?’ ಎನ್ನಬೇಕು. ಯಾರಾದರೂ ತಪ್ಪಿ ಕೇಳಿಬಿಟ್ಟರೆ ಹೊರಟವನು ತಿರುಗಿ ಬಂದು, ಕುಳಿತು, ನೀರು ಕುಡಿದು, ಹೊಸದಾಗಿ ಹೊರಡಬೇಕು. ನಾನು ಓದಿದವನು, ಅಂಥದ್ದನ್ನೆಲ್ಲ ನಂಬುವವನಲ್ಲ. ನಗಾಡಿ ಮತ್ತೆ ಕೇಳಿದೆ. ಅವನು ಮತ್ತೆ ಕುಳಿತು ನೀರು ಕುಡಿದ. ಹುಡುಗನ ಹೊಟ್ಟೆ ಉಬ್ಬಿದ್ದನ್ನು ಕಂಡು ಕೊನೆಗೆ ನಾನೇ ಸೋತೆ. ಅಲ್ಲಿಂದ ಮುಂದೆ ನಮ್ಮ ಮನೆಯ ಸಾಹೇಬ ‘ದೂರ ಹೊಂಟೀರೇನು?’ ಎಂದೇ ಕೇಳತೊಡಗಿದ. ಹೊಲ, ಮನೆ, ತಾಯಿ, ವಾಪಸು ಬರುವ ಕಾರಣ, ಎಲ್ಲವೂ ಬಾಯಿಪಾಠವಾದವು. ಮೊದಲ ಸವಾಲು ಒಂದೇ ಉಳಿಯಿತು.

ನಾವಿಬ್ಬರೂ ಮುಂಬಯಿಗೆ ಹೊರಟ ದಿನ ಸ್ಟೇಷನ್ನಿನವರೆಗೂ ಊರಿನವರು ಸರಿಯಾಗಿಯೇ ನಡೆದುಕೊಂಡರು. ‘ದೂರ ಹೊಂಟೀರೇನ್ರಿ ಮಾಸ್ತರ?’ ಎಂದರೆ ‘ಹೌದ್ರಿ, ಭಾಳ ದೂರ’ ಎನ್ನುವುದು, ಟಾಂಗಾ ಮುಂದೆ ಸಾಗುವುದು. ಮುಂಬಯಿಯ ಕಚೇರಿಯಲ್ಲಿ ನನ್ನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ಬಾಗಿಲು ತೆರೆದೇ ಇತ್ತು. ವಯಸ್ಸಾದ, ಕೆಂಪು ಮುಖದ ಸಾಹೇಬರು ಕಾಗದಗಳಿಂದ ತಲೆಯೆತ್ತಿ ಇಂಗ್ಲಿಷಿನಲ್ಲಿ ಕೇಳಿದರು: ‘ಹಾಂ, ಎಲ್ಲಿಗೆ ಹೋಗುತ್ತಿದ್ದೀರಿ?’

ಬಸವರಾಜ ಎದ್ದ. ಹೊರಗೆ ಬಂದ. ನನ್ನ ಪಕ್ಕದಲ್ಲಿ ಕುಳಿತು, ಊರಿಂದ ತಂದ ತಂಬಿಗೆಯ ಮುಚ್ಚಳ ತಿರುವಿ ನೀರು ಕುಡಿಯತೊಡಗಿದ. ‘ಲೇ, ಏನ್ ಮಾಡಾಕತ್ತೀಯೋ? ಎಲ್ಲಾ ಮುಳುಗಿಸಿದೆಲ್ಲೋ!’ ಎಂದೆ. ಅವನು ಬಾಯಿ ಒರೆಸಿಕೊಂಡು ಒಳಗೆ ಹೋದ. ಮೈ ಸರಿಯಿಲ್ಲವೇ ಎಂದು ಸಾಹೇಬರು ಕೇಳಿದರು. ಅವನು ನಮ್ಮ ಪದ್ಧತಿಯನ್ನು ಇದ್ದದ್ದು ಇದ್ದಂತೆ ಬಿಡಿಸಿ ಹೇಳಿ, ‘ಹೀಗೆ ಮಾಡದಿದ್ದರೆ ನಮ್ಮ ತಾಯಿ ಬೇಜಾರು ಮಾಡಿಕೊಳ್ಳುತ್ತಾಳೆ’ ಎಂದ.

‘ತಾಯಿ ಎಲ್ಲಿದ್ದಾರೆ?’

‘ಕೊಪ್ಪಳದಲ್ಲಿ.’

‘ಇಲ್ಲಿ ನಡೆದದ್ದು ಅವರಿಗೆ ಹೇಗೆ ಗೊತ್ತಾಗುತ್ತದೆ?’

‘ನಾನೇ ಹೋಗಿ ಹೇಳುತ್ತೇನಲ್ಲ.’

ಸಾಹೇಬರು ನಕ್ಕು, ಕಾಗದದ ಮೇಲೆ ಏನೋ ಗುರುತು ಹಾಕಿಕೊಂಡರು. ಆಮೇಲೆ ಕಾಲೇಜಿನ ಬಗ್ಗೆ, ಖರ್ಚಿನ ಬಗ್ಗೆ ಏನೇನೋ ಕೇಳಿದರು. ವಾಪಸು ಬರುತ್ತೀರಾ ಎಂಬ ಸವಾಲು ಈಗ ಬರುತ್ತದೆ, ಇನ್ನೇನು ಬಂತು ಎಂದು ನಾನು ಬೆಂಚಿನ ತುದಿಗೆ ಜರುಗಿ ಕಾದೆ. ಅದು ಬರಲೇ ಇಲ್ಲ. ಮುದ್ರೆ ಬಿದ್ದ ಸಪ್ಪಳ ಬಂತು. ನಾನು ಕಲಿಸಿದ ಹೊಲ ಮನೆ ಎಲ್ಲ ಹುಡುಗನ ಬಾಯಲ್ಲೇ ಉಳಿದವು. ಊಟಕ್ಕೆ ಹೊರಟ ಸಾಹೇಬರು ಬೆಂಚಿನ ಬಳಿ ನಿಂತು ನನ್ನನ್ನು ನೋಡಿ ನಕ್ಕರು. ‘ನೀವೀಗ ಎಲ್ಲಿಗೆ?’ ಎಂದು ಸೌಜನ್ಯಕ್ಕೆ ಕೇಳಿದರು. ಅದಕ್ಕೆ ನಾನೇನು ಮಾಡಿದೆನೆಂಬುದು ಈ ಬರಹಕ್ಕೆ ಅಷ್ಟು ಅಗತ್ಯವಿಲ್ಲ.

ಕೊಪ್ಪಳಕ್ಕೆ ಬಂದು ಕಾಲು ತೊಳೆಯುವ ಮೊದಲೇ ಕದದ ಹಿಂದಿನಿಂದ ಪ್ರಶ್ನೆ ಬಂತು. ‘ಯಾರಾರ ಎಲ್ಲಿಗೆ ಅಂತ ಕೇಳಿದ್ರೇನೋ ಬಸ್ಯಾ?’

‘ಕೇಳಿದ್ರು ಯವ್ವಾ, ಸಾಹೇಬ್ರ ಕೇಳಿದ್ರು. ಎದ್ದು ಬಂದು ನೀರು ಕುಡಿದೆ.’

‘ಛಲೋ ಆತು. ನಿಮ್ಮ ಮಾವಗ?’

‘ನನಗ ಕೇಳಿದ್ರೇನಾತ್ರಿ? ನಾ ಅಂಥದ್ದೆಲ್ಲಾ ನಂಬೂದಿಲ್ಲ’ ಎಂದೆ. ಬಸವರಾಜ ನಗು ತಡೆಯಲಾರದೆ, ‘ಸುಳ್ಳ ಯವ್ವಾ! ಅಲ್ಲೇ ಕುಕ್ಕರಿಸಿ, ತಂಬಿಗಿ ಬರಿದ ಮಾಡಿ, ಆಮ್ಯಾಲ ಎದ್ದಾರ’ ಎಂದ.

ಮದುವೆಯಾದಂದಿನಿಂದ ಮೊದಲ ಸಲ ಅತ್ತೆಯವರು ಕದ ದಾಟಿ ಹೊರಗೆ ಬಂದರು. ಸೆರಗು ಸರಿಪಡಿಸಿಕೊಂಡು, ನೆಲ ನೋಡುತ್ತ, ಸಾಹೇಬರು ಕೇಳದೆ ಬಿಟ್ಟ ಸವಾಲನ್ನು ನೇರವಾಗಿ ನನ್ನನ್ನೇ ಕೇಳಿದರು: ‘ನೀವು ಇಂಗ್ಲಿಷ್ ಬಲ್ಲವರು. ಖರೇ ಹೇಳ್ರಿ. ವಾಪಸ್ ಬರ್ತಾನಲ್ಲ?’

ಆ ಕಣ್ಣೊಳಗೆ ನೀರಿತ್ತು. ನನಗೆ ಏನೂ ಗೊತ್ತಿರಲಿಲ್ಲ. ‘ಬರ್ತಾನ್ರಿ, ಬರದ ಎಲ್ಲಿ ಹೋಗ್ತಾನ’ ಎಂದೆ. ಎಂದವನೇ ಒಳಗೆ ಹೋಗಿ, ಯಾರೂ ಏನೂ ಕೇಳದಿದ್ದರೂ, ಕುಳಿತುಕೊಂಡು ಇನ್ನೊಂದು ತಂಬಿಗೆ ನೀರು ಕುಡಿದೆ.