ನಾಲ್ಕು ದಿನ ಒಬ್ಬಳೇ ಇರಬೇಕೆಂದು ಹೊರಟಿದ್ದು

ನಾನು ಒಬ್ಬಳೇ ಎಲ್ಲಿಗಾದರೂ ಹೊರಟೆ ಅಂದ್ರೆ ಸಾಕು, ಬೆನ್ನ ಹಿಂದೆ ಊರೂ ಹೊರಡುತ್ತದೆ. ತರಕಾರಿ ಅಂಗಡಿಗೆ ಹೋದರೂ ಅಷ್ಟೆ, ಸಮುದ್ರಕ್ಕೆ ಹೋದರೂ ಅಷ್ಟೆ. ಇದು ಸಮುದ್ರದ ಕಥೆ, ತೊಂಬತ್ತರ ದಶಕದ್ದು.

ಆಗ ನನಗೆ ವಾಷಿಂಗ್ಟನ್ನಿನಲ್ಲಿ ಒಂದು ಆಫೀಸಿನ ಲೈಬ್ರರಿ ಕೆಲಸ, ಮನೆ ವರ್ಜೀನಿಯಾದಲ್ಲಿ. ವೈಟ್ ಹೌಸ್ ನೋಡಲು ಬಂದ ಕನ್ನಡಿಗರೆಲ್ಲ ಇಳಿದುಕೊಳ್ಳುತ್ತಿದ್ದದ್ದು ನಮ್ಮ ಮನೆಯಲ್ಲೇ. ಆ ಬೇಸಿಗೆಯಂತೂ ಮೇ ತಿಂಗಳಿಂದ ಒಲೆ ಆರಿರಲಿಲ್ಲ. ಒಂದು ದಿನ ಸಾರಿಗೆ ಒಗ್ಗರಣೆ ಹಾಕುತ್ತಾ ಅಳುವೇ ಬಂದುಬಿಟ್ಟಿತು.

ಅದೇ ವಾರ ಆಫೀಸಿನ ಅಮೆರಿಕನ್ ಹೆಂಗಸೊಬ್ಬಳು ಸ್ಪೇನಿನ ಯಾವುದೋ ಕಡಲೂರಿನಲ್ಲಿ ಹದಿನೈದು ದಿನ ಒಬ್ಬಳೇ ಇದ್ದು ಬಂದಳು. "ಅಲ್ಲಿ ಏನು ಮಾಡಿದೆ?" ಅಂದೆ. "ಏನೂ ಮಾಡಲಿಲ್ಲ" ಅಂದಳು. ಹಾಳಾದ್ದು, ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಸ್ಪೇನ್ ನಮಗೆ ದೂರ. ಸೌತ್ ಕೆರೊಲೈನಾದ ಒಂದು ಪುಟ್ಟ ಬೀಚ್ ಊರಿನಲ್ಲಿ ನಾಲ್ಕು ದಿನಕ್ಕೆ ರೂಮ್ ಬುಕ್ ಮಾಡಿದೆ. ನಾಲ್ಕು ದಿನ ಯಾರ ಜೊತೆಯೂ ಮಾತಿಲ್ಲ, ಯಾರಿಗೂ ಬಡಿಸುವುದಿಲ್ಲ. ಅಷ್ಟೇ ನನ್ನ ವ್ರತ.

ಸುದ್ದಿ

ಮನೆಗೊಂದು ಅಡುಗೆ ತಂದು ಎಲ್ಲರೂ ಕೂಡಿ ಉಣ್ಣುವ ಶನಿವಾರದ ಪಾಟ್‌ಲಕ್ಕಿನಲ್ಲಿ ಬಾಯಿ ತಪ್ಪಿ ಹೇಳಿಬಿಟ್ಟೆ. ಪುಳಿಯೋಗರೆ ಹಾಕಿಕೊಳ್ಳುತ್ತಿದ್ದ ಆಂಟಿಯೊಬ್ಬರ ಕೈ ಅಲ್ಲೇ ನಿಂತಿತು.

"ಒಬ್ಬಳೇನಾ? ಅವರು ಬರಲ್ವಾ?"

"ಇಲ್ಲ ಆಂಟಿ, ಸುಮ್ನೆ ರೆಸ್ಟಿಗೆ."

"ಹೊಂದಿಕೊಂಡು ಹೋಗಬೇಕಮ್ಮ" ಅಂತ ನನ್ನ ಕೈ ಹಿಡಿದು ಕಣ್ಣೀರು ತಂದುಕೊಂಡರು.

ನನಗೂ ಯಜಮಾನರಿಗೂ ಆಗಿಬರುತ್ತಿಲ್ಲ ಅನ್ನೋ ಸುದ್ದಿ ಸೋಮವಾರದ ಹೊತ್ತಿಗೆ ಪಕ್ಕದ ರಾಜ್ಯ ಮೇರಿಲ್ಯಾಂಡ್ ಮುಟ್ಟಿತ್ತು. ಹೆಂಡತಿ ಬಿಟ್ಟುಹೋಗುತ್ತಿರುವ ಗಂಡಸು, ಪಾಪ, ಉಪವಾಸ ಬೀಳಬಾರದು ಅಂತ ಒಂದೊಂದು ಮನೆಯಿಂದ ಒಂದೊಂದು ಡಬ್ಬಿ ಬಂತು. ಬಿಸಿಬೇಳೆಬಾತ್, ಹಯಗ್ರೀವ, ಮೈಸೂರುಪಾಕು. ನಾನು ಸೂಟ್‌ಕೇಸ್ ಎತ್ತುವಾಗ ನಮ್ಮ ಯಜಮಾನರು ಬಾಗಿಲಿಗೆ ಬಂದು, ಬಾಯಿ ತುಂಬ ಮೈಸೂರುಪಾಕು ಇಟ್ಟುಕೊಂಡು, "ಅವಸರ ಮಾಡಬೇಡ, ಆರಾಮಾಗಿ ಬಾ" ಅಂದರು.

ಸಮುದ್ರದ ಕಡೆಯ ರೂಮು

ಎಂಟು ಗಂಟೆ ಡ್ರೈವ್ ಮಾಡಿ ತಲುಪಿದೆ. ಮೋಟೆಲ್ ಗುಜರಾತಿನವರದ್ದು, ಕೌಂಟರಿನಲ್ಲಿ ವಯಸ್ಸಾದ ಅಮ್ಮ. ನನ್ನ ಹೆಸರು ನೋಡಿದರು, ನನ್ನನ್ನು ನೋಡಿದರು, ನನ್ನ ಹಿಂದೆ ನೋಡಿದರು. ಅಲ್ಲಿ ಯಾರೂ ಇರಲಿಲ್ಲ.

"ಪತಿ?"

"ಮನೇಲಿದ್ದಾರೆ."

ನಾನು ಬುಕ್ ಮಾಡಿದ್ದು ಸಮುದ್ರ ಕಾಣುವ ರೂಮು. ಒಂಟಿ ಹೆಂಗಸಿಗೆ ಆ ಕಡೆ ಸೇಫ್ ಅಲ್ಲ ಅಂತ ಆಫೀಸಿನ ಪಕ್ಕದ ರೂಮಿನ ಬೀಗದ ಕೈ ಕೊಟ್ಟರು. ನಾನು ಹರುಕು ಹಿಂದಿಯಲ್ಲಿ ಜಗಳವಾಡಿದೆ. ಅವರು "ಬೇಟಿ" ಅಂದರು. ಬೇಟಿ ಅಂದಮೇಲೆ ಜಗಳ ಆಡೋದು ಹೇಗೆ? ರೂಮಿಗೆ ಹೋಗಿ ಆಸೆಯಿಂದ ಪರದೆ ಸರಿಸಿದೆ. ಎದುರಿಗೆ ಐಸ್ ಮಷೀನು. ಅದರ ಪಕ್ಕ ಕುರ್ಚಿ ಹಾಕಿಕೊಂಡು ಅಮ್ಮನೇ ಕೂತಿದ್ದರು. ನನ್ನ ನೋಡಿ ಕೈ ಬೀಸಿ, ಊಟಕ್ಕೆ ರೊಟ್ಲಿ, ಅಂದರೆ ಅವರ ಕಡೆಯ ಚಪಾತಿ, ಎಷ್ಟು ಮಾಡಲಿ ಅಂತ ಬೆರಳಲ್ಲೇ ಕೇಳಿದರು.

ಡಾಕ್ಟರು

ಎರಡನೇ ದಿನ ಅಮ್ಮನ ಕಣ್ಣು ತಪ್ಪಿಸಿ ಬೀಚಿಗೆ ಹೋಗಿ ಟವೆಲ್ ಹಾಸಿ ಮಲಗಿದೆ. ಆಹಾ! ಐದು ನಿಮಿಷ ಆಗಿರಬೇಕು, ಮುಖದ ಮೇಲೆ ನೆರಳು ಬಿತ್ತು. ಕಣ್ಣು ಬಿಟ್ಟರೆ ಪ್ಯಾಂಟು, ಶರ್ಟು, ಬೂಟು ಹಾಕಿದ ಗಂಡಸು. ಪಕ್ಕದಲ್ಲಿ ಛತ್ರಿ ಹಿಡಿದ ಹೆಂಡತಿ.

"ನಮಸ್ಕಾರ್ರಿ ಅಕ್ಕಾರ! ನಿಮ್ಮ ಯಜಮಾನ್ರು ಫೋನ್ ಮಾಡಿದ್ರು. ಒಬ್ಬರ ಅದಾರ, ಚೂರು ನೋಡ್ಕೋರಿ ಅಂದ್ರು. ಮೋಟೆಲ್ ಅಮ್ಮ ನೀವು ಇಲ್ಲಿ ಅದೀರಿ ಅಂತ ಹೇಳಿದ್ಲು."

ಆ ಕಾಲದಲ್ಲಿ ನಮ್ಮ ಕನ್ನಡ ಕೂಟಗಳು ಒಂದು ಡೈರೆಕ್ಟರಿ ಅಚ್ಚು ಹಾಕಿಸುತ್ತಿದ್ದವು. ಯಾವ ಊರಿನಲ್ಲಿ ಯಾವ ಕನ್ನಡಿಗರಿದ್ದಾರೆ ಅಂತ ಅದರಲ್ಲಿ ನೋಡಿ ಫೋನ್ ಹಚ್ಚುವುದೇ ಪದ್ಧತಿ. ಪರಿಚಯ ಏನೂ ಬೇಕಿಲ್ಲ. ಇವರು ಹುಬ್ಬಳ್ಳಿ ಕಡೆಯ ಡಾಕ್ಟರು, ಆ ಊರಿಗೆಲ್ಲ ಒಂದೇ ಕನ್ನಡದ ಮನೆ.

"ನಂಗೇನೂ ಬೇಜಾರಿಲ್ಲ ಡಾಕ್ಟ್ರೇ, ನೀವು ಯಾಕೆ ತೊಂದ್ರೆ ತಗೊಂಡ್ರಿ?"

"ತೊಂದ್ರಿ ಎಂಥಾದ್ರಿ! ನಿಮಗ ಬ್ಯಾಸರಾಗಬಾರದು ಅಂತ ಕ್ಲಿನಿಕ್ಕಿಗೆ ರಜಾ ಹಾಕೇನಿ. ಎರಡು ದಿನ."

ಎರಡೂ ದಿನ ಬೂಟು ಬಿಚ್ಚದೆ ಮರಳಿನಲ್ಲಿ ಕೂತು ತಮ್ಮ ಪೇಷಂಟುಗಳ ಮೂತ್ರಪಿಂಡದ ಕಥೆ ಹೇಳಿದರು. ಅವರ ಮನೆಯವರು ಗಂಟೆಗೊಮ್ಮೆ ಡಬ್ಬಿ ಬಿಚ್ಚುತ್ತಿದ್ದರು. ಒಳ್ಳೆಯ ಜನ, ನಿಜವಾಗಲೂ ಒಳ್ಳೆಯ ಜನ. ಅದೇ ಕಷ್ಟ, ಕೆಟ್ಟವರಾಗಿದ್ದರೆ ಎದ್ದು ಹೋಗಬಹುದಿತ್ತು.

ಕೊನೆಯ ಬೆಳಗ್ಗೆ

ನಾಲ್ಕನೇ ದಿನ ಹಟಕ್ಕೆ ಬಿದ್ದೆ. ಬೆಳಗಾಗುತ್ತಲೇ ಚಪ್ಪಲಿ ಕೈಯಲ್ಲಿ ಹಿಡಿದು, ಅಮ್ಮನಿಗೆ ಸದ್ದು ಕೇಳಿಸದ ಹಾಗೆ ಹೊರಬಿದ್ದೆ. ಅರ್ಧ ಗಂಟೆ ನಡೆದು, ಮನುಷ್ಯರೇ ಇಲ್ಲದ ಕಡೆ ಹೋದೆ. ನೀರು, ಮರಳು, ನಾನು. ಎಷ್ಟು ಸಂತೋಷವಾಯಿತು ಅಂದರೆ, ಗಟ್ಟಿಯಾಗಿ ನಕ್ಕುಬಿಟ್ಟೆ.

ಆಗ ಕಾಣಿಸಿದಳು. ಮರಳಿನ ದಿಬ್ಬದ ಮರೆಯಲ್ಲಿ, ನನ್ನದೇ ವಯಸ್ಸಿನ ಹೆಂಗಸು. ಪಕ್ಕದಲ್ಲಿ ಸ್ಟೀಲ್ ಡಬ್ಬಿ, ತೊಡೆಯ ಮೇಲೆ ಕನ್ನಡ ವಾರಪತ್ರಿಕೆ.

ಸುಮ್ಮನೆ ಮುಂದೆ ಹೋಗಬಹುದಿತ್ತು. ದೇವರಾಣೆಗೂ ಹೋಗಬೇಕು ಅಂತಲೇ ಇದ್ದೆ. ಕಾಲು ಕೇಳಲಿಲ್ಲ. ನೇರ ಹೋಗಿ ನಿಂತು, "ಕನ್ನಡದವರಾ? ಒಬ್ಬರೇ ಬಂದಿದ್ದೀರಾ? ಮನೆಯವರು ಬರಲಿಲ್ವಾ?" ಅಂದೆ. ಅಂದಮೇಲೆ ನನ್ನ ನಾಲಿಗೆಯ ಮೇಲೆ ನನಗೇ ಅಸಹ್ಯವಾಯಿತು.

ಅವಳು ಬೆಚ್ಚಿಬಿದ್ದು ನೋಡಿದಳು.

"ಅಟ್ಲಾಂಟಾ ಹತ್ತಿರ, ಡುಲುತ್ ನಮ್ಮದು. ನಾಲ್ಕು ದಿನ ಒಬ್ಬಳೇ ಇರೋಣ ಅಂತ ಬಂದೆ. ಆದ್ರೆ ನಮ್ಮನೆಯವರು ಡೈರೆಕ್ಟರಿ ನೋಡಿ ಇಲ್ಲಿನ ಡಾಕ್ಟರಿಗೆ ಫೋನ್ ಮಾಡಿಬಿಟ್ಟಿದ್ದಾರೆ. ಆ ಡಾಕ್ಟರು ಮೊನ್ನೆಯಿಂದ ರಾತ್ರಿ ಫೋನ್ ಮಾಡಿ ಒಂದೇ ವರಾತ. ವರ್ಜೀನಿಯಾದಿಂದ ಯಾರೋ ಹೆಂಗಸು ಗಂಡನ ಹತ್ರ ಜಗಳ ಆಡ್ಕೊಂಡು ಬಂದಿದ್ದಾಳಂತೆ, ಒಬ್ಬಳೇ ಅಳ್ತಾ ಕೂತಿರ್ತಾಳಂತೆ, ಹೋಗಿ ಜೊತೆಗಿರಿ ಅಂತ. ಅವಳ ಕೈಗೆ ಸಿಗಬಾರದು ಅಂತ ದಿನಾ ಬೆಳಗ್ಗೆ ಇಲ್ಲಿ ಬಂದು ಅಡಗಿಕೊಳ್ತೀನಿ."

ಅಷ್ಟು ಹೇಳಿ ಅನುಮಾನದಿಂದ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ನೀವು... ಒಬ್ಬರೇನಾ?"

"ಛೆ ಛೆ, ನಮ್ಮ ಯಜಮಾನರು ರೂಮಿನಲ್ಲಿ ಮಲಗಿದ್ದಾರೆ" ಅಂದೆ.

"ಸದ್ಯ, ಬದುಕಿದೆ!" ಅಂತ ಡಬ್ಬಿ ಬಿಚ್ಚಿ, "ಕೂತ್ಕೊಳ್ಳಿ, ಚಕ್ಕುಲಿ ತಗೊಳ್ಳಿ" ಅಂದಳು.